ಗೇಮರ್‌ಗಳ ‘ಹರ್ಬಲ್ ಫೋಕಸ್’ ಕ್ಯಾಪ್ಸೂಲ್ ಕೊಳ್ಳಬೇಡಿ, ದಯವಿಟ್ಟು

ಬಿಜಿಎಂಐ, ವ್ಯಾಲೊರೆಂಟ್ ಥರದ ಶೂಟಿಂಗ್ ಗೇಮ್ ಆಡುವವರೆಲ್ಲ ಓದಿ. ಇನ್‌ಸ್ಟಾಗ್ರಾಂನಲ್ಲಿ ಗೇಮರ್‌ಗಳಿಗೆ ಅಂತಲೇ ಮಾರುತ್ತಾರಲ್ಲ ಹರ್ಬಲ್ ಕ್ಯಾಪ್ಸೂಲ್, ಅದನ್ನು ಕೊಳ್ಳಬೇಡಿ. ಒಂದು ಡಬ್ಬಿಗೆ 1,499 ರೂಪಾಯಿ ಕಿತ್ತುಕೊಂಡರು. ಡಬ್ಬಿ ಮೇಲೆ ದೊಡ್ಡದಾಗಿ ಬ್ರಾಹ್ಮಿ, ಅಶ್ವಗಂಧ, ‘ಕೆಫೀನ್ ಇಲ್ಲ’, ‘30 ನಿಮಿಷದಲ್ಲಿ ರಿಫ್ಲೆಕ್ಸ್ ಚುರುಕು’!

ಸ್ಕ್ರಿಮ್ಸ್‌ಗೆ (ಬೇರೆ ಟೀಮಿನ ಜೊತೆ ಆಡುವ ಅಭ್ಯಾಸ ಪಂದ್ಯ) ಮುಂಚೆ ನುಂಗಿದೆ. ಎದೆ ಡವಡವ, ಕೈ ನಡುಕ. ಗೇಮ್‌ನಲ್ಲಿ ಗನ್ನಿನ ಸ್ಕೋಪ್ ಹಾಕಿದರೆ ಏಮ್ ನಿಲ್ಲುತ್ತಿಲ್ಲ. ರಾತ್ರಿ ನಿದ್ದೆ ಇಲ್ಲ. ನಿದ್ದೆಗೆಟ್ಟವನ ಆಟ ಮರುದಿನ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ?

ಮಾರಿದವರಿಗೆ ಮೆಸೇಜ್ ಮಾಡಿದೆ. ‘ಬಾಡಿ ಅಡ್ಜಸ್ಟ್ ಆಗ್ತಿದೆ ಬ್ರೋ, ಕಂಟಿನ್ಯೂ ಮಾಡಿ.’ ಮತ್ತೆ ಕೇಳಿದೆ. ‘ಹರ್ಬಲ್ ಬ್ರೋ, ಸೈಡ್ ಎಫೆಕ್ಟ್ ಚಾನ್ಸೇ ಇಲ್ಲ. ನೀವು ನೀರು ಕಡಿಮೆ ಕುಡೀತಿದೀರಾ.’

ನಮ್ಮ ಟೀಮಿನ ಹುಡುಗನ ಅಕ್ಕ ಬಿ.ಫಾರ್ಮಾ ಓದುತ್ತಿದ್ದಾರೆ. ಅವರು ಡಬ್ಬಿ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿ, ‘ಇದರಲ್ಲಿ ಗ್ವಾರಾನಾ ಇದೆಯಲ್ಲಪ್ಪಾ’ ಅಂದರು. ಅದು ಅಮೆಜಾನ್ ಕಾಡಿನ ಬಳ್ಳಿ. ಅದರ ಬೀಜದಲ್ಲಿ ಕಾಫಿ ಬೀಜಕ್ಕಿಂತ ಜಾಸ್ತಿ ಕೆಫೀನ್ ಇರುತ್ತದೆ. ಎಷ್ಟು ಮಿಲಿಗ್ರಾಂ ಹಾಕಿದ್ದಾರೆ? ಬರೆದೇ ಇಲ್ಲ! ‘ಪ್ರೊಪ್ರೈಟರಿ ಬ್ಲೆಂಡ್’, ಅಂದರೆ ಕಂಪನಿಯದ್ದೇ ಮಿಶ್ರಣ ಅಂತ ಎಲ್ಲಕ್ಕೂ ಸೇರಿಸಿ ಒಂದೇ ತೂಕ. ಮುಂದೆ ‘ಕೆಫೀನ್ ಇಲ್ಲ’, ಹಿಂದೆ ಗ್ವಾರಾನಾ. ಇಡೀ ಟೀಮ್ ಎದುರಿಗಿತ್ತು. ಮೈಯೆಲ್ಲ ಉರಿಯಿತು, ತಲೆ ಎತ್ತಲು ಆಗಲಿಲ್ಲ.

ಲೇಬಲ್ ಫೋಟೊ ಕಳಿಸಿ ಕೇಳಿದೆ. ‘ಕೆಫೀನ್ ನಾವು ಹಾಕಿಲ್ಲ ಬ್ರೋ, ಗ್ವಾರಾನಾ ಗಿಡ ಅಲ್ವಾ?’ ಗಿಡವಂತೆ! ಚಿಕ್ಕಮಗಳೂರಿನ ಕಾಫಿಯೂ ಗಿಡದ್ದೇ ಅಲ್ವಾ? ದುಡ್ಡು ವಾಪಸ್ ಕೊಡಿ ಅಂದರೆ ‘ಸೀಲ್ ಓಪನ್ ಆಗಿದೆ’. ಆಮೇಲೆ ಬಂದ ಮೆಸೇಜ್ ನೋಡಿ: ‘3 ತಿಂಗಳ ಕಾಂಬೊ ತಗೊಳ್ಳಿ, ರಿಸಲ್ಟ್ ಪಕ್ಕಾ.’ ಬೈದೆ. ಬ್ಲಾಕ್ ಮಾಡಿದರು.

ಬ್ರಾಹ್ಮಿ ಮೇಲೆ ಪ್ರಯೋಗಗಳು ನಡೆದಿವೆ, ನಿಜ. ಅವುಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ 300 ಮಿಲಿಗ್ರಾಂ ಸಾರವನ್ನು 12 ವಾರ ಕೊಟ್ಟು ನೋಡಿದ್ದಾರೆ, ಅದೂ ಹೆಚ್ಚಾಗಿ ನೆನಪಿನ ಶಕ್ತಿಗೆ. 30 ನಿಮಿಷದ ಕಥೆ ಎಲ್ಲಿಂದ ಬಂತು? ಆ 30 ನಿಮಿಷದಲ್ಲಿ ನನ್ನ ಎದೆ ಬಡಿಸಿದ್ದು ಬ್ರಾಹ್ಮಿ ಅಲ್ಲ.

ಒಂದೊಂದು ಮೂಲಿಕೆ ಎಷ್ಟೆಷ್ಟು ಮಿಲಿಗ್ರಾಂ ಅಂತ ಬರೆಯದ ಡಬ್ಬಿ ಮುಟ್ಟಬೇಡಿ. ಗ್ವಾರಾನಾ, ಗ್ರೀನ್ ಟೀ ಎಕ್ಸ್‌ಟ್ರಾಕ್ಟ್ ಕಂಡರೆ ಕೆಫೀನ್ ಇದೆ ಅಂತಲೇ ತಿಳಿಯಿರಿ. ಎದೆ ಬಡಿತ ಜಾಸ್ತಿಯಾದರೆ ಡಾಕ್ಟರ್ ಹತ್ತಿರ ಹೋಗಿ, ಮಾರುವವನನ್ನು ಕೇಳಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ನಾನು ದೂರು ಕೊಟ್ಟಿದ್ದೇನೆ. ನಿಮಗೂ ಹೀಗಾಗಿದ್ದರೆ ಸುಮ್ನೆ ಕೂರದೆ ಕೊಡಿ. ಅದೇ ಡಬ್ಬಿ ಈಗ ಬೇರೆ ಹೆಸರಿನ ಪೇಜಿನಲ್ಲಿ ಬಂದಿದೆ, ಪಿಯುಸಿ ಹುಡುಗರಿಗೆ ಡಿಸ್ಕೌಂಟ್ ಬೇರೆ ಕೊಡುತ್ತಿದ್ದಾರೆ.