ಕರಾವಳಿಯ ಹಾಳೆಗೆ ಯಾವ ಪೆನ್ಸಿಲ್? ಬರೆಯಲು, ಚಿತ್ರ ಬಿಡಿಸಲು ಒಂದು ಹೋಲಿಕೆ

ಮಳೆ ಸುರಿಯುವ ಆಟಿ ತಿಂಗಳಲ್ಲಿ ಮಂಗಳೂರಿನ ಯಾವ ಮನೆಯ ನೋಟ್‌ಬುಕ್ ಮುಟ್ಟಿದರೂ ಹಾಳೆ ತಣ್ಣಗೆ, ಮೆತ್ತಗೆ ಇರುತ್ತದೆ. ಅದೇ ಹಾಳೆ ಜನವರಿಯಲ್ಲಿ ಗರಿಗರಿ. ನಮ್ಮಲ್ಲಿ ಪೆನ್ಸಿಲ್ ಆರಿಸುವಾಗ ಬ್ರ್ಯಾಂಡ್‌ಗಿಂತ ಮೊದಲು ಈ ತೇವವನ್ನು ಲೆಕ್ಕಕ್ಕೆ ಹಿಡಿಯಬೇಕು. ಹಾಗಾಗಿ ಇಲ್ಲಿನ ಹೋಲಿಕೆಯನ್ನು ಮಳೆಗಾಲ, ಒಣಗಾಲ ಎರಡರಲ್ಲೂ ಮಾಡಿದ್ದೇನೆ: ಬರವಣಿಗೆಗೆ ಸಾಮಾನ್ಯ ಶಾಲಾ ನೋಟ್‌ಬುಕ್, ಚಿತ್ರಕ್ಕೆ 140 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಕಾರ್ಟ್ರಿಜ್ ಹಾಳೆ, ಅಂದರೆ ದಪ್ಪ, ತುಸು ಒರಟಾದ ಡ್ರಾಯಿಂಗ್ ಹಾಳೆ.

ಪೆನ್ಸಿಲಿನ ಕಡ್ಡಿ ಎಂದರೆ ಗ್ರಾಫೈಟ್ ಪುಡಿ ಮತ್ತು ಜೇಡಿಮಣ್ಣನ್ನು ಕಲಸಿ, ಎಳೆದು, ಸುಟ್ಟದ್ದು. 1795ರಲ್ಲಿ ಫ್ರಾನ್ಸಿನ ಕೊಂಟೆ ಹಾಕಿಕೊಟ್ಟ ದಾರಿಯೇ ಇಂದಿಗೂ ನಡೆಯುತ್ತಿದೆ. ಮಣ್ಣು ಹೆಚ್ಚಾದರೆ ಎಚ್ ಕಡೆಗೆ, ಗಟ್ಟಿ ಮತ್ತು ತಿಳಿ. ಗ್ರಾಫೈಟ್ ಹೆಚ್ಚಾದರೆ ಬಿ ಕಡೆಗೆ, ಮೆದು ಮತ್ತು ಕಪ್ಪು. ಅಕ್ಷರದ ಮುಂದಿನ ಅಂಕಿ ದೊಡ್ಡದಾದಷ್ಟೂ ಆ ಗುಣ ಹೆಚ್ಚು. ಆದರೆ ನಡುವಿನ ಎಚ್‌ಬಿ ಎಂಬುದು ಎಲ್ಲ ಕಂಪನಿಗಳಿಗೂ ಒಂದೇ ಅಳತೆಯಲ್ಲ. ಒಬ್ಬರ ಎಚ್‌ಬಿ ಇನ್ನೊಬ್ಬರ ಬಿ ಆಗಿರಬಹುದು. ಪೆನ್ಸಿಲ್ ಮೇಲಿನ ಅಕ್ಷರ ನಂಬುವ ಬದಲು ನಿಮ್ಮದೇ ಹಾಳೆಯ ತುಂಡಿನ ಮೇಲೆ ನಾಲ್ಕು ಗೆರೆ ಎಳೆದು ನೋಡಿ.

ಬರವಣಿಗೆಗೆ ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವವು ನಟರಾಜ 621, ಅಪ್ಸರಾ ಪ್ಲಾಟಿನಂ ಮತ್ತು ಡಾಮ್ಸ್ ಎಕ್ಸ್1. ಮೊದಲೆರಡೂ ಹಿಂದೂಸ್ತಾನ್ ಪೆನ್ಸಿಲ್ಸ್‌ನವೇ ಆದರೂ ಗುಣ ಬೇರೆ. ಕೆಂಪು-ಕಪ್ಪು ಪಟ್ಟೆಯ 621ರ ಗೆರೆ ತುಸು ಬೂದು, ಸಣ್ಣ, ಅಚ್ಚುಕಟ್ಟು. ಮೊನೆ ಬೇಗ ಸವೆಯದು. ಸಣ್ಣ ಅಕ್ಷರದವರಿಗೆ, ಲೆಕ್ಕಕ್ಕೆ, ರೇಖಾಗಣಿತಕ್ಕೆ ಇದು ನನ್ನ ಮೊದಲ ಆಯ್ಕೆ. ಪ್ಲಾಟಿನಂ ಹೆಚ್ಚು ಕಪ್ಪು, ಕೈ ಒತ್ತದೆಯೇ ಗೆರೆ ಮೂಡುತ್ತದೆ. ಬದಲಿಗೆ ಮೊನೆ ಬೇಗ ದಪ್ಪವಾಗುತ್ತದೆ. ಎಕ್ಸ್1 ಅದರ ಪಕ್ಕದಲ್ಲೇ ನಿಲ್ಲುತ್ತದೆ, ಕಣ್ಣು ಮುಚ್ಚಿ ಬರೆದರೆ ಎರಡರ ನಡುವೆ ವ್ಯತ್ಯಾಸ ಹೇಳುವುದು ಕಷ್ಟ. ಅಂಗಡಿಯಲ್ಲಿ ಯಾವುದು ಇದೆಯೋ ಅದನ್ನೇ ತನ್ನಿ.

ಡಿಸೆಂಬರ್‌ನಿಂದ ಮೇವರೆಗೆ 621, ಜೂನ್ ಹಿಡಿದ ಮೇಲೆ ಪ್ಲಾಟಿನಂ ಅಥವಾ ಎಕ್ಸ್1. ಹೀಗೆ ಬದಲಾಯಿಸಲು ಕಾರಣವಿದೆ. ತೇವ ಹೀರಿದ ಹಾಳೆಯ ನಾರು ಉಬ್ಬಿ ಮೆತ್ತಗಾಗುತ್ತದೆ. ಗಟ್ಟಿ ಮೊನೆ ಅದರ ಮೇಲೆ ಜಾರದೆ ಒಳಗೆ ಇಳಿಯುತ್ತದೆ. ಗೆರೆ ತಿಳಿಯಾಗಿ ಕಂಡಿತೆಂದು ಮಗು ಇನ್ನಷ್ಟು ಒತ್ತುತ್ತದೆ, ಹಾಳೆಯ ಹಿಂಬದಿಯಲ್ಲಿ ಅಕ್ಷರ ಉಬ್ಬಿ ಕಾಣುತ್ತದೆ. ಆಮೇಲೆ ರಬ್ಬರ್ ಹಾಕಿದರೆ ಕಪ್ಪು ಹೋಗುತ್ತದೆ, ಗುಳಿ ಉಳಿಯುತ್ತದೆ. ಜೋರಾಗಿ ಉಜ್ಜಿದರೆ ನಾರು ಎದ್ದು ಹಾಳೆ ತೂತಾಗುತ್ತದೆ. ಒಂದು ಹಂತ ಮೆದು ಪೆನ್ಸಿಲ್ ಹಿಡಿದರೆ ಒತ್ತುವ ಅಗತ್ಯವೇ ಬೀಳದು. ಮಳೆಗಾಲದಲ್ಲಿ ಜೆಲ್ ಪೆನ್ನಿನ ಶಾಯಿ ಹಾಳೆಯಲ್ಲಿ ಹರಡಬಹುದು, ಗ್ರಾಫೈಟ್ ನೀರಿನಲ್ಲಿ ಕರಗುವುದಿಲ್ಲ. ನೆನೆಯಬಹುದಾದ ಕಡೆ ಬರೆದಿಡುವ ಲೆಕ್ಕಕ್ಕೆ ಪೆನ್ಸಿಲೇ ಭದ್ರ.

ಏಪ್ರಿಲ್-ಮೇ ಸೆಕೆಯಲ್ಲಿ ತೊಂದರೆ ಬೇರೆ: ಬೆವರಿದ ಅಂಗೈ ಕಪ್ಪು ಗೆರೆಯನ್ನು ಒರೆಸಿಬಿಡುತ್ತದೆ. ಕೈಯಡಿ ಒಂದು ಕಾಗದದ ತುಂಡು ಇಟ್ಟುಕೊಂಡರೆ ಸಾಕು. ಎಡಗೈಯವರಿಗೆ 621ರಂಥ ಗಟ್ಟಿ ಕಡ್ಡಿಯೇ ಒಳ್ಳೆಯದು.

ಮೆಕ್ಯಾನಿಕಲ್ ಪೆನ್ಸಿಲ್ ಬೇಕೆಂದರೆ 0.5 ಮಿಲಿಮೀಟರ್ ಕಡ್ಡಿಯದು ಬಿಟ್ಟು 0.7ರದ್ದು ಕೊಳ್ಳಿ, ಕಡ್ಡಿ 2ಬಿ ಹಾಕಿ. 0.5ರ ಮೊನೆ ಮೆತ್ತಗಿನ ಹಾಳೆಯನ್ನು ಕೆರೆಯುತ್ತದೆ, ಸ್ವಲ್ಪ ಒತ್ತಿದರೆ ತುಂಡಾಗುತ್ತದೆ. ಕಡ್ಡಿ ಒಂದು ಮಿಲಿಮೀಟರ್‌ಗಿಂತ ಹೆಚ್ಚು ಹೊರಗೆ ಬರದಿರಲಿ.

ಚಿತ್ರದ ಪೆನ್ಸಿಲ್‌ಗಳಿಗೆ ಬಂದರೆ ಅಪ್ಸರಾ ಮತ್ತು ಕ್ಯಾಮ್ಲಿನ್ ಒಂದು ಕಡೆ, ಹಲವು ಪಟ್ಟು ಬೆಲೆಯ ಸ್ಟೆಡ್ಲರ್ ಲುಮೊಗ್ರಾಫ್ ಮತ್ತು ಫೇಬರ್-ಕ್ಯಾಸಲ್ 9000 ಇನ್ನೊಂದು ಕಡೆ. 1905ರಿಂದ ಬರುತ್ತಿರುವ ಹಸಿರು 9000ರ ಗೆರೆ ನುಣುಪಾಗಿ ಸಾಗುತ್ತದೆ. ನೀಲಿ ಲುಮೊಗ್ರಾಫ್ ಅದಕ್ಕಿಂತ ಒಂದು ಎಳೆ ಗಟ್ಟಿ, ಸಣ್ಣ ವಿವರಕ್ಕೆ ಹಿಡಿತ ಜಾಸ್ತಿ. ದುಬಾರಿ ಪೆನ್ಸಿಲಿನಲ್ಲಿ ದುಡ್ಡು ಕೊಡುವುದು ಕಪ್ಪಿಗಲ್ಲ, ಹಂತಗಳ ನಡುವಿನ ಸಮ ಅಂತರಕ್ಕೆ: ಎಚ್‌ಬಿ, 2ಬಿ, 4ಬಿ ಸಾಲಾಗಿ ತುಂಬಿದರೆ ಮೆಟ್ಟಿಲಿನಂತೆ ಇಳಿಯುತ್ತವೆ. ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಅಪ್ಸರಾ ಅಥವಾ ಕ್ಯಾಮ್ಲಿನ್ ಧಾರಾಳ ಸಾಕು. ಇಡೀ ಸೆಟ್ ಬೇಡ. ಎಚ್‌ಬಿ, 2ಬಿ, 4ಬಿ, 6ಬಿ ಬಿಡಿಯಾಗಿ ಕೊಳ್ಳಿ, ಉಳಿದ ದುಡ್ಡನ್ನು ಒಳ್ಳೆಯ ಹಾಳೆಗೆ ಹಾಕಿ.

ಈ ನಾಲ್ಕರ ಪರೀಕ್ಷೆಗೆ ಮುರಕಲ್ಲಿನ (ಕರಾವಳಿಯ ತೂತುತೂತಾದ ಕೆಂಪು ಕಲ್ಲು) ಗೋಡೆಗಿಂತ ಒಳ್ಳೆಯ ವಿಷಯ ಸಿಗದು. ಎಚ್‌ಬಿಯಿಂದ ಕಲ್ಲಿನ ಸಂದುಗಳನ್ನು ತೇಲಿಸಿ ಗುರುತಿಸಿ. 4ಬಿಯನ್ನು ಮಲಗಿಸಿ ಹಿಡಿದು, ಮೊನೆಯ ಪಕ್ಕದಿಂದ ಇಡೀ ಕಲ್ಲಿನ ಮೇಲೆ ಹಗುರವಾಗಿ ಹಾಯಿಸಿ. ಕಾರ್ಟ್ರಿಜ್ ಹಾಳೆಯ ಒರಟು ಮೈಯೇ ಕಲ್ಲಿನ ಒರಟನ್ನು ಎತ್ತಿ ತೋರಿಸುತ್ತದೆ. ಹಾಳೆ ತೇವವಿದ್ದರೆ ಈ ಒರಟು ಸರಿಯಾಗಿ ಏಳುವುದಿಲ್ಲ. ಆಗ 6ಬಿ ಹಿಡಿದು ಇನ್ನೂ ಹಗುರವಾಗಿ ಹಾಯಿಸಬೇಕು. ನಂತರ 6ಬಿಯ ಮೊನೆಯಿಂದ ತೂತುಗಳ ನೆರಳಿನ ಬದಿಯನ್ನಷ್ಟೇ ತುಂಬಿ, ಎದುರು ಬದಿಯ ಅಂಚನ್ನು ನಾದುವ ರಬ್ಬರಿನಿಂದ (ಹಿಟ್ಟಿನಂತೆ ಮೆದುವಾದ ಚಿತ್ರಕಾರರ ರಬ್ಬರ್) ಒತ್ತಿ ಎತ್ತಿ. ಉಜ್ಜಬೇಡಿ. ಬೆರಳಿನಿಂದ ತಿಕ್ಕಲೂಬೇಡಿ: ಚರ್ಮದ ಎಣ್ಣೆ ಗ್ರಾಫೈಟನ್ನು ಹಾಳೆಯ ಸಂದಿಗೆಲ್ಲ ಮೆತ್ತಿ, ಮುರಕಲ್ಲು ಸಿಮೆಂಟ್ ಗಿಲಾವಿನಂತೆ ಕಾಣುತ್ತದೆ.

ಹಂಚಿನ ಮಾಡಿಗೆ ಇನ್ನೊಂದೇ ಕ್ರಮ. 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ತಯಾರಿಸತೊಡಗಿದ ಮಂಗಳೂರು ಹಂಚು ಒಂದರ ಅಂಚು ಇನ್ನೊಂದರೊಳಗೆ ಕೂರುವಂಥದ್ದು. ಹಾಗಾಗಿ ಪ್ರತಿ ಸಾಲಿನ ಕೆಳಗೆ ಒಂದು ಸಣ್ಣ ನೆರಳಿನ ಪಟ್ಟಿ ಬೀಳುತ್ತದೆ. ಒಂದೊಂದೇ ಹಂಚಿನ ಸುತ್ತ ಗೆರೆ ಎಳೆಯುತ್ತಾ ಕೂತರೆ ಮಾಡು ಬಲೆಯಾಗುತ್ತದೆ. ಆ ನೆರಳಿನ ಪಟ್ಟಿಗಳನ್ನು ಚೂಪಾದ 2ಬಿಯಿಂದ ಹಾಕಿ, ಹತ್ತಿರದ ನಾಲ್ಕಾರು ಹಂಚುಗಳನ್ನು ಮಾತ್ರ ಬಿಡಿಸಿ. ಇಲ್ಲಿ ಲುಮೊಗ್ರಾಫ್ ತನ್ನ ಬೆಲೆಯನ್ನು ಸಾರ್ಥಕ ಮಾಡುತ್ತದೆ, ಮೊನೆ ಸಾಲಿನ ಕೊನೆಯವರೆಗೂ ನಿಲ್ಲುತ್ತದೆ.

ಯಕ್ಷಗಾನದ ಬಣ್ಣದ ವೇಷದ (ರಾಕ್ಷಸ ಪಾತ್ರದ) ಕಡುಗಪ್ಪಿಗೆ ಮಾತ್ರ ಗ್ರಾಫೈಟ್ ಸೋಲುತ್ತದೆ. ಪದರದ ಮೇಲೆ ಪದರ ಹಾಕಿದಷ್ಟೂ ಹೊಳಪು ಹೆಚ್ಚುತ್ತದೆ, ಕಪ್ಪು ಹೆಚ್ಚುವುದಿಲ್ಲ. ಚಾರ್ಕೋಲ್ (ಇದ್ದಿಲಿನ) ಪೆನ್ಸಿಲ್ ಬಳಸಿ, ಅದೂ ಮೊದಲೇ. ನುಣುಪಾದ ಗ್ರಾಫೈಟಿನ ಮೇಲೆ ಚಾರ್ಕೋಲ್ ಹಿಡಿಯುವುದಿಲ್ಲ.

ಕೊಳ್ಳುವಾಗ ಪೆನ್ಸಿಲಿನ ಹಿಂಬದಿ ನೋಡಿ: ಕಡ್ಡಿ ನಟ್ಟನಡುವೆ ಇರಬೇಕು. ಓರೆಯಾಗಿದ್ದರೆ ಶಾರ್ಪನರ್‌ನಲ್ಲಿ ಒಂದು ಬದಿಯ ಮರ ಮೊನೆಯವರೆಗೂ ಉಳಿದು, ಬರೆಯುವಾಗ ಹಾಳೆ ಗೀರುತ್ತದೆ. ಗಾಜಿನ ಕೌಂಟರ್ ಮೇಲೆ ಉರುಳಿಸಿದರೆ ಸೊಟ್ಟಗಿನವು ಕುಲುಕಿ ತಾವೇ ತೋರಿಸಿಕೊಳ್ಳುತ್ತವೆ. ನೆಲಕ್ಕೆ ಬಿದ್ದ ಪೆನ್ಸಿಲಿನ ಕಡ್ಡಿ ಒಳಗೇ ತುಂಡಾಗಿರಬಹುದು, ಹೆರೆದಷ್ಟೂ ಮೊನೆ ಉದುರುವುದು ಅದಕ್ಕೇ.

ಆದರೆ ನಮ್ಮಲ್ಲಿ ಮೊನೆ ಮುರಿಯಲು ಹೆಚ್ಚಾಗಿ ಕಾರಣ ಶಾರ್ಪನರ್. ಉಪ್ಪುಗಾಳಿಗೆ ಬ್ಲೇಡ್ ತುಕ್ಕು ಹಿಡಿದು ಮೊಂಡಾಗುತ್ತದೆ, ಮರವನ್ನು ಕತ್ತರಿಸದೆ ಹರಿಯುತ್ತದೆ, ಆ ಎಳೆತಕ್ಕೆ ಕಡ್ಡಿ ಮುರಿಯುತ್ತದೆ. ಸಿಪ್ಪೆ ಸುರುಳಿಯಾಗಿ ಬರದೆ ಪುಡಿಪುಡಿಯಾಗಿ ಬಂದರೆ ಬ್ಲೇಡ್ ಬದಲಿಸುವ ಹೊತ್ತಾಯಿತು. ತಿರುಪು ಬಿಚ್ಚಿ ಬ್ಲೇಡ್ ಬದಲಿಸಬಹುದಾದ ಲೋಹದ ಶಾರ್ಪನರ್ ಕೊಳ್ಳಿ. 4ಬಿ, 6ಬಿಗೆ ಶಾರ್ಪನರ್ ಬೇಡ. ಬ್ಲೇಡಿನಿಂದ ಎರಡು ಸೆಂಟಿಮೀಟರ್ ಮರ ಇಳಿಜಾರಾಗಿ ಹೆರೆದು, ಸುಮಾರು 8 ಮಿಲಿಮೀಟರ್ ಕಡ್ಡಿ ಹೊರಗೆ ಬಿಟ್ಟು, ಮೊನೆಯನ್ನು ಉಪ್ಪುಕಾಗದದ ಮೇಲೆ ತಿರುಗಿಸುತ್ತಾ ತಿಕ್ಕಿ.

ಚಿತ್ರದ ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಿ. ಮುಗಿದ ಚಿತ್ರಕ್ಕೆ ಫಿಕ್ಸೆಟಿವ್ (ಗೆರೆ ಅಳಿಸದಂತೆ ಹಿಡಿದಿಡುವ ಸ್ಪ್ರೇ) ಹೊಡೆಯುವುದಿದ್ದರೆ ಮಳೆ ಸುರಿಯುವ ದಿನ ಬೇಡ, ಗಾಳಿಯ ತೇವಕ್ಕೆ ಅದು ಬೆಳ್ಳಗೆ ಮಂಜು ಕಟ್ಟಬಹುದು. ಬಿಸಿಲು ಬಿದ್ದ ದಿನದ ಮಧ್ಯಾಹ್ನ, ಒಂದಡಿ ದೂರದಿಂದ, ಎರಡು ತೆಳು ಪದರ ಸಾಕು.