ಗಂಗಾವತಿ ಬಿಸಿಲಿಗೆ ಮೂರು ಹಳೆ ಕಾರು: ಕ್ವಾಲಿಸ್, ಮಾರುತಿ 800 ಮತ್ತು ಒಂದು ಡೀಸೆಲ್ ಸೆಡಾನ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕ್ವಾಲಿಸ್‌ಗೆ. ಟೊಯೊಟಾ ಅಭಿಮಾನಿ ಬರೆದಿದ್ದಾನೆ ಅಂದುಕೊಂಡರೂ ಬೇಜಾರಿಲ್ಲ. ಆ ಅಭಿಮಾನಕ್ಕೆ ಕಾರಣಗಳಿವೆ. ನಮ್ಮ ಕಡೆ ಹದಿನೈದು-ಇಪ್ಪತ್ತು ವರ್ಷ ಹಳೆಯ ಗಾಡಿ ಹುಡುಕುತ್ತಿರುವವರಿಗೆ ಅವು ಕೆಲಸಕ್ಕೆ ಬರುತ್ತವೆ ಎಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ಗಂಗಾವತಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ಓಡಾಟ ಹೆಚ್ಚು, ಆಗಾಗ ಬಳ್ಳಾರಿ. ಮನೆಯಲ್ಲಿ ಮೂರು ಹಳೆ ಕಾರುಗಳ ಅನುಭವವಿದೆ. ಸೋದರಮಾವ ಹೊಸದಾಗಿ ಕೊಂಡು, ಚೆನ್ನಾಗಿ ನೋಡಿಕೊಂಡು, ಆಮೇಲೆ ನನಗೆ ಕೊಟ್ಟ 2004ರ ಕ್ವಾಲಿಸ್ ಒಂದು. ತಮ್ಮ ಇವತ್ತಿಗೂ ಓಡಿಸುವ ಮಾರುತಿ 800 ಇನ್ನೊಂದು. ಮೂರನೆಯದು, "ಎಷ್ಟು ದಿನಾಂತ ಆ ಡಬ್ಬಿ ಓಡಸ್ತೀಯೋ, ಮದುವಿಗೆ ಹೋಗಾಕ ಒಂದು ಛಲೋ ಗಾಡಿ ತಗೋ" ಎಂದು ಅವ್ವ, ಕಾಕಾ ಎಲ್ಲ ಸೇರಿ ಒತ್ತಾಯ ಮಾಡಿದಾಗ ಸೆಕೆಂಡ್ ಹ್ಯಾಂಡಲ್ಲಿ ತಂದ, ಬೇರೊಂದು ಕಂಪನಿಯ ಡೀಸೆಲ್ ಸೆಡಾನ್. ಅದರ ಹೆಸರು ಬರೆಯುವುದಿಲ್ಲ. ಒಂದು ಗಾಡಿ ನೋಡಿ ಇಡೀ ಕಂಪನಿಯನ್ನು ಬೈಯುವುದು ನ್ಯಾಯವಲ್ಲ. ಅದೇ ಮಾಡೆಲನ್ನು ನೆಮ್ಮದಿಯಾಗಿ ಓಡಿಸುತ್ತಿರುವವರೂ ನಮ್ಮ ಓಣಿಯಲ್ಲೇ ಇದ್ದಾರೆ.

ಸೀಟು, ಎಸಿ, ಪಿಕಪ್, ಮೈಲೇಜು, ಎಲ್ಲದರಲ್ಲೂ ಸೆಡಾನೇ ಮುಂದೆ. ಬಳ್ಳಾರಿ ರಸ್ತೆಯಲ್ಲಿ ಹೊಟ್ಟೆಯ ನೀರು ಅಲುಗದ ಹಾಗೆ ಹೋಗುತ್ತಿತ್ತು. ಆ ಮಾತು ಅಲ್ಲಿಗೆ ಮುಗಿಯಿತು.

ಅದರ ಒಂದು ರೋಗದ ಬಗ್ಗೆ ಮಾತ್ರ ವಿವರವಾಗಿ ಹೇಳಬೇಕು. ಬೇಸಿಗೆಯಲ್ಲಿ ಶುರುವಾಯಿತು. ಬೆಳಿಗ್ಗೆ ಮನೆ ಬಿಡುವಾಗ ಸೆಲ್ಫ್ (ಸ್ಟಾರ್ಟರ್ ಮೋಟರ್) ಅರ್ಧ ಹೊಡೆಯುವಷ್ಟರಲ್ಲೇ ಸ್ಟಾರ್ಟ್. ಸಿಂಧನೂರಿಗೆ ಹೋಗಿ, ಡೀಲರ್ ಅಂಗಡಿ ಮುಂದೆ ಹತ್ತು ನಿಮಿಷ ನಿಲ್ಲಿಸಿ, ವಾಪಸ್ ಬಂದು ಕೀ ತಿರುಗಿಸಿದರೆ ಸೆಲ್ಫ್ ಗರಗರ ತಿರುಗುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ. ಬ್ಯಾಟರಿ ಗಟ್ಟಿ ಇದೆ, ಟ್ಯಾಂಕಿನಲ್ಲಿ ಡೀಸೆಲ್ ಇದೆ, ಮೀಟರಿನಲ್ಲಿ ಒಂದು ದೀಪವೂ ಹತ್ತಿಲ್ಲ. ಬಾನೆಟ್ ಎತ್ತಿಟ್ಟು, ಬೇವಿನ ನೆರಳಲ್ಲಿ ಮುಕ್ಕಾಲು ತಾಸು ಕೂತು, ಮತ್ತೆ ಕೀ ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್.

ಮಿಸ್ತ್ರಿಯನ್ನು ಕರೆಸಿದರೆ ಅವನು ಬರುವಷ್ಟರಲ್ಲಿ ಎಂಜಿನ್ ಆರಿರುತ್ತದೆ. ಒಂದೇ ಸಲಕ್ಕೆ ಹತ್ತುತ್ತದೆ. "ಗಾಡಿ ಛಲೋನ ಐತಲ್ರೀ ಅಣ್ಣಾರ" ಅಂತಾನೆ. ಬ್ಯಾಟರಿ ಬದಲಾಯಿತು. ಡೀಸೆಲ್ ಫಿಲ್ಟರ್ ಬದಲಾಯಿತು. ಸೆಲ್ಫ್ ಮೋಟರ್ ಬಿಚ್ಚಿ ಕಾರ್ಬನ್ ಬ್ರಷ್ ಹಾಕಿಸಿದ್ದಾಯಿತು. ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳನ್ನು ಟೆಸ್ಟಿಂಗಿಗೆ ಕಳಿಸಿದ್ದಾಯಿತು. ಪ್ರತಿ ರಿಪೇರಿಯೂ ಸರಿಹೋದ ಹಾಗೇ ಕಾಣುತ್ತಿತ್ತು, ಯಾಕೆಂದರೆ ರಿಪೇರಿ ಮಾಡುವಷ್ಟು ಹೊತ್ತಿಗೆ ಎಂಜಿನ್ ತಾನಾಗೇ ತಣ್ಣಗಾಗಿರುತ್ತಿತ್ತು. ಒಬ್ಬೊಬ್ಬ ಮಿಸ್ತ್ರಿಯೂ ತಾನು ಹಾಕಿದ ಸಾಮಾನಿನಿಂದಲೇ ಗಾಡಿ ಎದ್ದಿತು ಎಂದು ನಂಬಿದ. ಅವರದು ಮೋಸ ಅಲ್ಲ, ರೋಗವೇ ಹಾಗಿತ್ತು.

ಆಮೇಲೆ ಓಡುತ್ತಿದ್ದಾಗಲೇ ಕಟ್ ಆಗಲು ಶುರುವಾಯಿತು. ಅವ್ವನನ್ನು ಬಳ್ಳಾರಿ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದಾಗ ಕಂಪ್ಲಿ ಸೇತುವೆಯ ಮೇಲೆ ನಿಂತುಬಿಟ್ಟಿತು. ಆ ಸೇತುವೆ ಎಷ್ಟು ಕಿರಿದು ಅನ್ನೋದು ಈ ಕಡೆಯವರಿಗೆ ಹೇಳಬೇಕಿಲ್ಲ. ಹಿಂದೆ ಭತ್ತದ ಲಾರಿ, ಮುಂದೆ ಬಸ್ಸು. ಎಂಜಿನ್ ನಿಂತರೆ ಪವರ್ ಸ್ಟೇರಿಂಗ್ ಕಲ್ಲಾಗುತ್ತದೆ, ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಸಿಗದೆ ಎರಡು-ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಗಟ್ಟಿಯಾಗುತ್ತದೆ. ಲಾರಿ ಕ್ಲೀನರ್ ಮತ್ತು ಬೈಕಿನಲ್ಲಿದ್ದ ಹುಡುಗರು ಇಳಿದು ನೂಕಿ ದಡ ಸೇರಿಸಿದರು. ಅವರಿಗೆ ಎಷ್ಟು ಋಣಿಯಾಗಿದ್ದರೂ ಕಡಿಮೆಯೇ.

ರೋಗ ಹಿಡಿದವನು ಬಳ್ಳಾರಿಯ ಒಬ್ಬ ಆಟೋ ಎಲೆಕ್ಟ್ರಿಶಿಯನ್. ಅವನು ಏನನ್ನೂ ಬಿಚ್ಚಲಿಲ್ಲ. ಸ್ಕ್ಯಾನರ್ ಚುಚ್ಚಿ, ಮಟಮಟ ಮಧ್ಯಾಹ್ನ ಗಾಡಿಯನ್ನು ಓಡುವ ಸ್ಥಿತಿಯಲ್ಲೇ ಬಿಸಿಲಲ್ಲಿ ನಿಲ್ಲಿಸಿ, ಅದು ತಾನಾಗೇ ಸಾಯುವವರೆಗೆ ಕಾದ. ಪರದೆಯ ಮೇಲೆ ಪಿ 0335 ಎಂಬ ಕೋಡ್ ಬಂತು. ಕ್ರ್ಯಾಂಕ್ ಸೆನ್ಸರ್. ಆಮೇಲೆ ಗಾಡಿ ಕೆಳಗೆ ನುಸುಳಿ, ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿದ್ದ ಹೆಬ್ಬೆರಳಿನಷ್ಟು ಕಪ್ಪು ಸಾಮಾನಿಗೆ ಒದ್ದೆ ಬಟ್ಟೆ ಸುತ್ತಿ, ಕುಡಿಯುವ ಬಾಟಲಿಯ ನೀರನ್ನು ನಿಧಾನ ಸುರಿದ. "ಈಗ ಹೊಡೀರಿ ಸೆಲ್ಫ್" ಅಂದ. ಎಂಜಿನ್ ಎದ್ದಿತು. ಅಷ್ಟು ದಿನದ ಗೋಳು ಒಂದು ಬಾಟಲಿ ನೀರಿನಲ್ಲಿ ಬಗೆಹರಿಯಿತು.

ಅವನು ಹೇಳಿದ್ದು ಹೀಗೆ. ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಎಂಜಿನ್ನಿನ ದಂಡ, ಯಾವ ಕೋನದಲ್ಲಿದೆ ಎಂದು ಈ ಸೆನ್ಸರ್ ಕಂಪ್ಯೂಟರಿಗೆ ತಿಳಿಸುತ್ತಿರಬೇಕು. ಒಳಗೆ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ. ವರ್ಷಗಳು ಕಳೆದ ಮೇಲೆ ಅದರಲ್ಲಿ ಸಣ್ಣ ಬಿರುಕು ಬೀಳುತ್ತದೆ. ಕಾದಾಗ ಹಿಗ್ಗಿ ಸಂಪರ್ಕ ತಪ್ಪುತ್ತದೆ, ಆರಿದಾಗ ಕೂಡಿಕೊಳ್ಳುತ್ತದೆ. ಸಿಗ್ನಲ್ ಇಲ್ಲದಿದ್ದರೆ ಕಂಪ್ಯೂಟರ್ ಇಂಜೆಕ್ಟರಿಗೆ ಅಪ್ಪಣೆ ಕೊಡುವುದಿಲ್ಲ, ಡೀಸೆಲ್ ಒಳಗೆ ಹೋಗುವುದಿಲ್ಲ. ಆ ಸೆನ್ಸರಿನ ಬೆಲೆ ನಾನು ಬ್ಯಾಟರಿಗೆ ಕೊಟ್ಟಿದ್ದರ ಅರ್ಧವೂ ಇರಲಿಲ್ಲ. ಆದರೆ ಒರಿಜಿನಲ್ ಬೆಂಗಳೂರಿನಿಂದ ಬರುವವರೆಗೆ ಗಾಡಿ ಅಲ್ಲೇ ನಿಂತಿತ್ತು.

ಇಂಥ ಸೆನ್ಸರ್ ಕೈಕೊಡುವುದು ಯಾವ ಬ್ರ್ಯಾಂಡಿನ ಕಾಮನ್ ರೈಲ್ ಡೀಸೆಲ್‌ನಲ್ಲಾದರೂ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಒತ್ತಡದ ಕೊಳವೆಯಿಂದ ಡೀಸೆಲ್ ಹಂಚುವ ಎಂಜಿನ್) ಆಗಬಹುದು. ಆ ಕೊಳವೆಯಲ್ಲಿ 1,000 ಬಾರ್ ಮೀರಿದ ಒತ್ತಡ, ಅದನ್ನು ಕ್ಷಣಕ್ಷಣಕ್ಕೂ ಅಳೆಯುವ ಸೆನ್ಸರುಗಳು, ಮೇಲೊಂದು ಕಂಪ್ಯೂಟರ್. ಹೊಸದರಲ್ಲಿ ಅದರ ಸುಖವೇ ಬೇರೆ. ಹತ್ತು-ಹನ್ನೆರಡು ವರ್ಷದ ಮೇಲೆ, ನಮ್ಮ 42 ಡಿಗ್ರಿ ಬಿಸಿಲಲ್ಲಿ, ಅದರ ಕಾಯಿಲೆಗಳು ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ತಕರಾರು ಇಷ್ಟೇ. ಹಳೆ ಗಾಡಿ ಕೆಡಲಿ, ಆದರೆ ಕೆಡುವ ಮುಂಚೆ ಸುಳಿವು ಕೊಡಬೇಕು.

ಕ್ವಾಲಿಸ್ ಸುಳಿವು ಕೊಡುತ್ತದೆ. ಅದರ ಡೀಸೆಲ್ ಪಂಪು ಮೆಕ್ಯಾನಿಕಲ್, ಎಂಜಿನ್ ಓಡಿಸಲು ಕಂಪ್ಯೂಟರಿನ ಅಪ್ಪಣೆ ಬೇಕಿಲ್ಲ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಅಥವಾ ಇಂಜೆಕ್ಟರ್ ನೋಡು. ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಚಳಿಗಾಲದ ಬೆಳಿಗ್ಗೆ ಬಿಳಿ ಹೊಗೆ ಬಿಟ್ಟು ತಡವರಿಸಿದರೆ ಎಂಜಿನ್ ಬೆಚ್ಚಗೆ ಮಾಡುವ ಹೀಟರ್ ಪ್ಲಗ್ ನೋಡು. ಸಂಡೂರು, ತೋರಣಗಲ್ಲು ಕಡೆ ಹೋಗಿಬಂದ ಮೇಲೆ ಏರ್ ಫಿಲ್ಟರ್ ತೆಗೆದು ಬಡಿದರೆ ಕುಂಕುಮದ ಭರಣಿ ಮಗುಚಿದ ಹಾಗೆ ಕೆಂಪು ಧೂಳು ಉದುರುತ್ತದೆ, ಅಷ್ಟು ಮಾಡಿದರೆ ಪಿಕಪ್ ವಾಪಸ್. ಲೈನಿನಲ್ಲಿ ಏರ್ ಹಿಡಿದರೆ ಫಿಲ್ಟರಿನ ಮೇಲಿನ ಹ್ಯಾಂಡ್ ಪಂಪು ಗಟ್ಟಿಯಾಗುವವರೆಗೆ ಒತ್ತಿ, ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ, ಸೆಲ್ಫ್ ಹೊಡೆದು, ಗುಳ್ಳೆ ಇಲ್ಲದ ಡೀಸೆಲ್ ಬಂದ ಮೇಲೆ ಬಿಗಿ ಮಾಡಿದರಾಯಿತು. ಒಂದು ಪಾನಾ ಇದ್ದರೆ ಸಾಕು. ಕಾರಟಗಿಯ ಟ್ರ್ಯಾಕ್ಟರ್ ಮಿಸ್ತ್ರಿಗೂ ಈ ಕೆಲಸ ಗೊತ್ತು.

ಸುಳಿವು ಕೊಡದ ಸಾಮಾನು ಇದರಲ್ಲೂ ಒಂದಿದೆ, ಕ್ರ್ಯಾಂಕ್ ಮತ್ತು ವಾಲ್ವ್‌ಗಳ ತಾಳ ಕೂಡಿಸುವ ಪಟ್ಟಿ, ಟೈಮಿಂಗ್ ಬೆಲ್ಟ್. 1 ಲಕ್ಷ ಕಿಲೋಮೀಟರಿಗೆ ಬದಲಿಸಲೇಬೇಕು. ತುಂಡಾದರೆ ವಾಲ್ವ್‌ಗಳು ಹೋಗಿ ಎಂಜಿನ್ ಬಿಚ್ಚಬೇಕಾಗುತ್ತದೆ. ಕ್ವಾಲಿಸ್ ಕೊಳ್ಳುವವರು ಬೇರೇನು ಕೇಳದಿದ್ದರೂ ಬೆಲ್ಟಿನ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಕೊಂಡ ದಿನವೇ ಹಾಕಿಸಿ. ನಮ್ಮ ಮಾವ ಎಲ್ಲ ಬಿಲ್ಲುಗಳನ್ನೂ ಒಂದು ರೇಷನ್ ಚೀಲದಲ್ಲಿ ಇಟ್ಟಿದ್ದರು, ಗಾಡಿಯ ಜೊತೆ ಆ ಚೀಲವನ್ನೂ ಕೊಟ್ಟರು.

ಮಾವನ ನಿಷ್ಠೆ ಬೇರೆ ಥರದ್ದು. 2000ದ ಜನವರಿಯಲ್ಲಿ ಬಿಡದಿಯ ಕಾರ್ಖಾನೆಯಿಂದ ಕ್ವಾಲಿಸ್ ಮಾರುಕಟ್ಟೆಗೆ ಬಂದಾಗಿನಿಂದ ಅವರು ಬೇರೆ ಶೋರೂಮಿನ ಮೆಟ್ಟಿಲು ಹತ್ತಿಲ್ಲ. 2005ರಲ್ಲಿ ಕಂಪನಿಯವರು ಅದನ್ನು ನಿಲ್ಲಿಸಿ ಇನ್ನೋವಾ ತಂದರು, ಮುಂದೆ ಮಾವನೂ ಇನ್ನೋವಾಕ್ಕೆ ಹೋದರು. "ಕಂಪನಿ ನಂಬಿದ್ರ ಸಾಕಳಿಯಾ, ಗಾಡಿ ನೋಡೂದು ಬ್ಯಾಡ" ಅಂತಾರೆ. ಅಲ್ಲಿ ನನಗೆ ಒಪ್ಪಿಗೆ ಇಲ್ಲ. ಇನ್ನೋವಾದ ಡೀಸೆಲ್ಲೂ ಕಾಮನ್ ರೈಲೇ. ಅದು ಹಳೆಯದಾದಾಗ ನಾನು ಹೊಸದಾಗಿಯೇ ಲೆಕ್ಕ ಹಾಕುತ್ತೇನೆ. ನನ್ನ ನಿಷ್ಠೆ ಆ ಎಂಜಿನ್ನಿಗೆ ಮತ್ತು ಅದನ್ನು ಬಲ್ಲ ನಮ್ಮೂರ ಮಿಸ್ತ್ರಿಗೆ, ಗಾಡಿಯ ಮುಂದಿರುವ ಲಾಂಛನಕ್ಕಲ್ಲ.

ಮಾರುತಿ 800 ಬಗ್ಗೆ ದೂರುವಂಥದ್ದೇ ಇಲ್ಲ. 1983ರ ಡಿಸೆಂಬರಿನಿಂದ 2014ರ ಜನವರಿವರೆಗೆ ತಯಾರಾದ ಗಾಡಿ, ಸಾಮಾನು ಯಾವ ತಾಲ್ಲೂಕು ಊರಿನಲ್ಲೂ ಸಿಗುತ್ತದೆ. ತಮ್ಮನ ಸಂಸಾರ ಚಿಕ್ಕದು, ಊರೊಳಗಿನ ಓಡಾಟ, ಅವನಿಗೆ ಅದೇ ಸರಿ. ಬೀಜದ ಚೀಲ ಹೇರಿಕೊಂಡು ಮಳೆಗಾಲದಲ್ಲಿ ಎಡದಂಡೆ ಕಾಲುವೆ ಪಕ್ಕದ ಎರೆ ಮಣ್ಣಿನ ದಾರಿಗೆ ಇಳಿಯುವ ನನಗೆ ಅಲ್ಲ.

ಖರ್ಚಿನಲ್ಲೂ ಅದೇ ಗೆಲ್ಲುತ್ತದೆ. 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ವಿಮೆಯ ದರ 1,000 ಸಿಸಿ ಒಳಗಿನ ಕಾರಿಗೆ ₹2,094, 1,500 ಸಿಸಿ ದಾಟಿದ ಕ್ವಾಲಿಸಿನಂಥದ್ದಕ್ಕೆ ₹7,897, ಮೇಲೆ ತೆರಿಗೆ. ಹದಿನೈದು ವರ್ಷವಾದರೆ ಗಾಡಿ ಗುಜರಿಗೆ ಹಾಕಲೇಬೇಕು ಎಂದು ನಮ್ಮಲ್ಲಿ ಎಷ್ಟೋ ಜನ ನಂಬಿದ್ದಾರೆ. ದೆಹಲಿ ಕಡೆಯ ಸುದ್ದಿ ಕೇಳಿ ಹುಟ್ಟಿದ ಭಯ ಅದು. ಇಲ್ಲಿ ಸ್ವಂತ ಬಳಕೆಯ ಕಾರನ್ನು ಆರ್‌ಟಿಒದಲ್ಲಿ ತೋರಿಸಿ, ಪಾಸಾದರೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಳ್ಳಬಹುದು. ಶುಲ್ಕ ಮಾತ್ರ 2022ರ ಏಪ್ರಿಲ್‌ನಿಂದ ₹600 ಇದ್ದದ್ದು ₹5,000 ಆಗಿದೆ. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ ₹10,000. ಅಷ್ಟು ಕಟ್ಟಿದರೂ ಹೊಸ ಕಾರಿನ ಕಂತಿಗಿಂತ ನನಗೆ ಇದೇ ಹಗುರ.

ಸೆಡಾನ್ ಮಾರಿದೆ, ಸೆನ್ಸರ್ ಬದಲಿಸಿದ ಬಿಲ್ ತೋರಿಸಿಯೇ ಮಾರಿದೆ. ಕೊಂಡವರು ಹುಬ್ಬಳ್ಳಿಯವರು, ಬೆಂಗಳೂರಿಗೆ ಹೋಗಿಬರುವ ಕೆಲಸ, ಮನೆ ಹತ್ತಿರವೇ ಸ್ಕ್ಯಾನರ್ ಇರುವ ವರ್ಕ್‌ಶಾಪ್. ಅವರಿಗೆ ಅದು ಒಳ್ಳೆಯ ಗಾಡಿಯೇ. ನನ್ನ ಓಡಾಟ ಬೇರೆ. ತುಂಗಭದ್ರಾ ಡ್ಯಾಂ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದರೆ ಕಡೇಬಾಗಿಲು ಮೇಲೆ ಸುತ್ತಿ ಹೋಗಬೇಕು, ಅಂಥ ದಾರಿಯಲ್ಲಿ ಯಾವ ಊರಲ್ಲಿ ನಿಂತರೂ ಎಬ್ಬಿಸುವವರು ಸಿಗುವ ಗಾಡಿ ನನಗೆ ಬೇಕು.

ಇಷ್ಟಾದರೂ ಹಳೆ ಕಾಮನ್ ರೈಲ್ ಡೀಸೆಲ್ಲೇ ಬೇಕು ಅನ್ನುವವರು ಬೆಳಿಗ್ಗೆ ಹೋಗಿ ಗಾಡಿ ನೋಡಬೇಡಿ. ಮಧ್ಯಾಹ್ನ ಎರಡಕ್ಕೆ ಹೋಗಿ. ಮುಕ್ಕಾಲು ತಾಸು ಎಸಿ ಹಾಕಿ ಓಡಿಸಿ, ಬಂದ್ ಮಾಡಿ, ಹತ್ತು ನಿಮಿಷ ಚಹಾ ಕುಡಿದು ಮತ್ತೆ ಕೀ ತಿರುಗಿಸಿ. ಮಾಲೀಕರು "ಮುಂಜಾನೆನ ಬರ್ರಿ" ಎಂದು ಹಟ ಹಿಡಿದರೆ ಮುಂದಿನ ಗಾಡಿ ನೋಡಿ.