ಟಿನ್ ಟೊಮೇಟೊ, ಕಿತ್ತಳೆ ಕಾನ್ಸಂಟ್ರೇಟ್: ಅಮೆರಿಕದ ಕನ್ನಡ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಅಂಗಡಿಯಲ್ಲಿ 14.5 ಔನ್ಸಿನ (411 ಗ್ರಾಂ) ಟೊಮೇಟೊ ಡಬ್ಬಿ, ಫ್ರೀಜರ್ ಕಪಾಟಿನಲ್ಲಿ 12 ಔನ್ಸಿನ ಕಿತ್ತಳೆ ಕಾನ್ಸಂಟ್ರೇಟ್, ಅಂದರೆ ನೀರು ತೆಗೆದು ಗಟ್ಟಿಗೊಳಿಸಿದ ರಸ. ಎರಡೂ ವರ್ಷವಿಡೀ ಸಿಗುತ್ತವೆ, ತಿಂಗಳುಗಟ್ಟಲೆ ಇರುತ್ತವೆ. ಸಿ ವಿಟಮಿನ್ ಯಾವುದರಲ್ಲಿ ಹೆಚ್ಚು ಅಂದರೆ ಕಿತ್ತಳೆಯಲ್ಲಿ, ಅದರಲ್ಲಿ ಅನುಮಾನವಿಲ್ಲ. ಆದರೆ ಟೊಮೇಟೊ ಊಟದೊಳಗೆ ಸೇರುತ್ತದೆ, ಕಿತ್ತಳೆ ರಸ ಊಟದ ಮೇಲೊಂದು ಸಿಹಿಯಾಗಿ ಬರುತ್ತದೆ. ಬಳಸುತ್ತ ಹೋದಂತೆ ಲೆಕ್ಕ ಬದಲಾಗುವುದು ಇಲ್ಲಿಯೇ.

100 ಗ್ರಾಂ ಪಕ್ಕ 100 ಗ್ರಾಂ ಇಟ್ಟು ಹೋಲಿಸಿದರೆ ಮೋಸ ಹೋಗುತ್ತೀರಿ. ಮನೆಗೆ ಬರುವ ಕಾನ್ಸಂಟ್ರೇಟ್ ಸುಮಾರು 42 ಬ್ರಿಕ್ಸ್, ಅಂದರೆ ತೂಕದಲ್ಲಿ ನೂರಕ್ಕೆ 42 ಪಾಲು ಕರಗಿದ ಅಂಶ, ಅದರಲ್ಲಿ ಬಹುಪಾಲು ಸಕ್ಕರೆ. ಅದನ್ನು ಹಾಗೇ ಯಾರೂ ಕುಡಿಯುವುದಿಲ್ಲ. ಒಂದು ಡಬ್ಬಿಗೆ ಮೂರು ಡಬ್ಬಿ ನೀರು ಬೆರೆಸಿದರೆ 48 ಔನ್ಸ್, ಆರು ಲೋಟ. ಹಾಗಾಗಿ ಒಂದು ಲೋಟ ರಸ, ಅರ್ಧ ಕಪ್ ಟೊಮೇಟೊ ಎಂದೇ ಹೋಲಿಸಬೇಕು.

240 ಮಿ.ಲೀ. ರಸದಲ್ಲಿ 110 ಕ್ಯಾಲೊರಿ, 22 ಗ್ರಾಂ ಆಸುಪಾಸು ಸಕ್ಕರೆ, 80 ಮಿ.ಗ್ರಾಂ ಆಸುಪಾಸು ಸಿ ವಿಟಮಿನ್, 400 ಮಿ.ಗ್ರಾಂ ಮೀರಿದ ಪೊಟ್ಯಾಸಿಯಂ, ನಾರು ಲೆಕ್ಕಕ್ಕಿಲ್ಲ. ಅರ್ಧ ಕಪ್ (120 ಗ್ರಾಂ) ಟಿನ್ ಟೊಮೇಟೊದಲ್ಲಿ 20–25 ಕ್ಯಾಲೊರಿ, 3–4 ಗ್ರಾಂ ಸಕ್ಕರೆ, 12 ಮಿ.ಗ್ರಾಂ ಸುತ್ತಮುತ್ತ ಸಿ ವಿಟಮಿನ್, 200 ಮಿ.ಗ್ರಾಂ ಮೇಲ್ಪಟ್ಟು ಪೊಟ್ಯಾಸಿಯಂ, ಒಂದೆರಡು ಗ್ರಾಂ ನಾರು. ಜೊತೆಗೆ ಕಿತ್ತಳೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ ಲೈಕೋಪೀನ್ (ಟೊಮೇಟೊಗೆ ಕೆಂಪು ಬಣ್ಣ ಕೊಡುವ ಅಂಶ), ಮೂರು ಮಿ.ಗ್ರಾಂ ಹತ್ತಿರ. ಹಣ್ಣಿನ ರಸದ ಸಕ್ಕರೆಯನ್ನು ವಿಶ್ವ ಆರೋಗ್ಯ ಸಂಸ್ಥೆ ‘ಮುಕ್ತ ಸಕ್ಕರೆ’ಯ ಲೆಕ್ಕಕ್ಕೇ ಸೇರಿಸುತ್ತದೆ. 2000 ಕ್ಯಾಲೊರಿಯ ಊಟಕ್ಕೆ ಅದರ ಮೇಲ್ಮಿತಿ 50 ಗ್ರಾಂ, 25ರೊಳಗಿದ್ದರೆ ಇನ್ನೂ ಒಳ್ಳೆಯದು. ಒಂದು ದೊಡ್ಡ ಲೋಟಕ್ಕೇ ಆ 25 ಮುಗಿಯಿತು ಅನ್ನಿ. ‘ಸಕ್ಕರೆ ಸೇರಿಸಿಲ್ಲ’ ಎಂಬ ಡಬ್ಬಿಗೂ ಇದೇ ಲೆಕ್ಕ.

ಟೊಮೇಟೊದ ದೋಷ ಉಪ್ಪು. ಸಾಮಾನ್ಯ ಡಬ್ಬಿಯಲ್ಲಿ ಅರ್ಧ ಕಪ್ಪಿಗೆ 200 ಮಿ.ಗ್ರಾಂ ಸೋಡಿಯಂ, ಇಡೀ ಡಬ್ಬಿ ಸಾರಿಗೆ ಸುರಿದರೆ 700 ಮಿ.ಗ್ರಾಂ, ಟೀ ಚಮಚದ ಮೂರನೇ ಒಂದು ಭಾಗ ಉಪ್ಪು ಹಾಕಿದ ಹಾಗೆ. ಅಷ್ಟನ್ನು ಕೈಯಲ್ಲಿ ಕಡಿಮೆ ಹಾಕಿ. ಅದಕ್ಕಿಂತ ಉಪ್ಪು ಸೇರಿಸದ ಡಬ್ಬಿಯನ್ನೇ ತನ್ನಿ, ರುಚಿ ನಿಮ್ಮ ಕೈಯಲ್ಲಿರುತ್ತದೆ.

ಇನ್ನು ಬೇಳೆ ಬೇಯುತ್ತಿಲ್ಲ ಎಂಬ ದೂರು. ಹೆಚ್ಚಿದ ಟೊಮೇಟೊ ಡಬ್ಬಿಗಳಲ್ಲಿ ಹೋಳು ಕರಗದಿರಲೆಂದು ಹೆಚ್ಚಾಗಿ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಅದು ಹೋಳನ್ನು ಹಿಡಿದಿಡುವ ಪೆಕ್ಟಿನ್ ಎಂಬ ಅಂಶವನ್ನು ಬಿಗಿ ಮಾಡುತ್ತದೆ; ತೊಗರಿಬೇಳೆಯ ಜೊತೆಗೇ ಕುಕ್ಕರಿಗೆ ಹಾಕಿದರೆ ಬೇಳೆಯನ್ನೂ ಬಿಡುವುದಿಲ್ಲ, ಹುಳಿಯೂ ಸೇರಿ ನಾಲ್ಕು ಸೀಟಿ ಆದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಬೇಳೆ ಬೇರೆ ಬೇಯಿಸಿ. ಸಾರಿಗೆ ಸಿಪ್ಪೆ ತೆಗೆದ ಇಡೀ ಟೊಮೇಟೊ ಡಬ್ಬಿಯೇ ಸರಿ: ಹಣ್ಣನ್ನು ಪಾತ್ರೆಯಲ್ಲೇ ಕೈಯಿಂದ ಹಿಸುಕಿ, ಗಟ್ಟಿ ತೊಟ್ಟಿನ ಭಾಗ ತೆಗೆದು, ಎರಡು ಚಮಚ ಎಣ್ಣೆಯ ಒಗ್ಗರಣೆಯಲ್ಲಿ ಎಣ್ಣೆ ಅಂಚಿಗೆ ಬಿಡುವವರೆಗೆ, ಹತ್ತು ನಿಮಿಷ ಬಾಡಿಸಿ. ಲೈಕೋಪೀನ್ ಕೊಬ್ಬಿನಲ್ಲಿ ಕರಗುವಂಥದ್ದು. ಬಿಸಿ ಮತ್ತು ಎಣ್ಣೆ ಸೇರಿದಾಗ ಮೈಗೆ ಹೆಚ್ಚು ಹತ್ತುತ್ತದೆ. ಸಿ ವಿಟಮಿನ್ ಒಂದಿಷ್ಟು ಹೋಗುತ್ತದೆ, ಹೋಗಲಿ. ಅದಕ್ಕೆ ಟೊಮೇಟೊವನ್ನು ನಂಬಿಲ್ಲವಲ್ಲ.

ಕಿತ್ತಳೆ ರಸಕ್ಕೆ ನಿಜವಾದ ಕೆಲಸ ಇರುವುದು ಊಟದ ಹೊತ್ತಿನಲ್ಲಿ. ರಾಗಿ, ಕಾಳು, ಸೊಪ್ಪಿನ ಕಬ್ಬಿಣ ಸುಲಭವಾಗಿ ಒಳಗೆ ಹೋಗುವುದಿಲ್ಲ. ಅದೇ ಊಟದಲ್ಲಿ ಸಿ ವಿಟಮಿನ್ ಇದ್ದರೆ ಹೋಗುತ್ತದೆ. ಮುದ್ದೆ–ಬಸ್ಸಾರಿನ ಜೊತೆ 120 ಮಿ.ಲೀ., ಅಂದರೆ ಅರ್ಧ ಲೋಟ ಸಾಕು. ಊಟದ ಬೆನ್ನಿಗೇ ಕಾಫಿ ಕುಡಿದರೆ ಆ ಲಾಭದಲ್ಲಿ ಒಂದಿಷ್ಟು ವ್ಯರ್ಥ, ಸಾಕಷ್ಟು ಹೊತ್ತು ತಡೆಯಿರಿ. ಇಡೀ ಕಿತ್ತಳೆ ಹಣ್ಣೇ ಸಿಕ್ಕರೆ ಅದೇ ಮೇಲು: ಹೆಚ್ಚುಕಡಿಮೆ ಒಂದು ಲೋಟ ರಸದಷ್ಟೇ ಸಿ ವಿಟಮಿನ್, ಅರ್ಧ ಸಕ್ಕರೆ, ಮೂರು ಗ್ರಾಂ ನಾರು.

ಇಡೀ ಡಬ್ಬಿ ಒಮ್ಮೆಲೇ ಕಲಸಬೇಡಿ. ಸಕ್ಕರೆ ಹೆಚ್ಚಿರುವುದರಿಂದ ಕಾನ್ಸಂಟ್ರೇಟ್ ಫ್ರೀಜರಿನಲ್ಲೂ ಕಲ್ಲಾಗುವುದಿಲ್ಲ, ಚಮಚ ಇಳಿಯುತ್ತದೆ. ಮುಚ್ಚಳದ ಗಾಜಿನ ಶೀಷೆಗೆ ಹಾಕಿಟ್ಟು ಬೇಕಾದಷ್ಟೇ ತೆಗೆದು ಒಂದಕ್ಕೆ ಮೂರರಂತೆ ತಣ್ಣೀರು ಬೆರೆಸಿ. ಕಲಸಿಟ್ಟ ರಸ ಗಾಳಿ ತಾಕಿ ದಿನದಿನಕ್ಕೂ ಸಿ ವಿಟಮಿನ್ ಕಳೆದುಕೊಳ್ಳುತ್ತದೆ; ಅರ್ಧ ಖಾಲಿ ಜಗ್ಗಿನಲ್ಲಿ ಇನ್ನೂ ಬೇಗ.

ಒಡೆದ ಟೊಮೇಟೊ ಡಬ್ಬಿಯನ್ನೂ ಹಾಗೇ ಫ್ರಿಜ್ಜಿಗೆ ಇಡಬೇಡಿ. ಗಾಳಿ ಸೇರಿದ ಮೇಲೆ ಹುಳಿ ಲೋಹವನ್ನು ತಿನ್ನಲು ತೊಡಗುತ್ತದೆ, ಲೋಹದ ರುಚಿ ಬರುತ್ತದೆ. ಗಾಜಿಗೆ ಬಗ್ಗಿಸಿ, ಮೂರು–ನಾಲ್ಕು ದಿನದಲ್ಲಿ ಮುಗಿಸಿ. ಉಬ್ಬಿದ ಡಬ್ಬಿ, ಅಂಚಿನ ಹೊಲಿಗೆಯ ಮೇಲೆ ನೆಗ್ಗಿದ ಡಬ್ಬಿ ರುಚಿ ನೋಡುವುದಕ್ಕೂ ಬೇಡ, ಸೀದಾ ಕಸಕ್ಕೆ.

ಬಾಟಲಿಯ ನಿಂಬೆ ಕಾನ್ಸಂಟ್ರೇಟ್ ಬಗ್ಗೆಯೂ ಕೇಳುತ್ತಾರೆ. ಪೋಷಣೆಗೆ ಅದು ಲೆಕ್ಕಕ್ಕಿಲ್ಲ, ಒಂದು ದೊಡ್ಡ ಚಮಚದಲ್ಲಿ ಸಿ ವಿಟಮಿನ್ ಕೆಲವೇ ಮಿ.ಗ್ರಾಂ. ಹಲವು ಬಾಟಲಿಗಳಲ್ಲಿ ಕೆಡದಂತೆ ಹಾಕುವ ಸಲ್ಫೈಟ್ ಇರುತ್ತದೆ, ಅಸ್ತಮಾ ಇರುವವರು ಲೇಬಲ್ ಓದಿಯೇ ಕೊಳ್ಳಬೇಕು. ಹುಳಿಯ ಪ್ರಮಾಣ ಏರುಪೇರಾಗದ್ದರಿಂದ ಮನೆಯಲ್ಲಿ ಟೊಮೇಟೊ ಜಾಡಿ ತುಂಬುವವರಿಗೆ ಮಾತ್ರ ಅದು ಒದಗುತ್ತದೆ: ಪಿಂಟಿಗೆ (ಸುಮಾರು ಅರ್ಧ ಲೀಟರ್) ಒಂದು ದೊಡ್ಡ ಚಮಚ, ಕ್ವಾರ್ಟಿಗೆ (ಸುಮಾರು ಒಂದು ಲೀಟರ್) ಎರಡು. ಚಿತ್ರಾನ್ನಕ್ಕೆ ಬೇಡ. ಹುಳಿ ಬರುತ್ತದೆ, ನಿಂಬೆಯ ಘಮ ಬರುವುದಿಲ್ಲ.